ಬಿಳಿಚೋಡಿನವನ ಸಾಲಿನಲ್ಲಿ ಹನ್ನೊಂದು ಹೆಬ್ಬೆಟ್ಟು

ನಾನು ರೈಟರ್ ಆಗಿದ್ದ ರೈಸ್ ಮಿಲ್ಲಿಗೆ ಈಗ ಹೆಬ್ಬೆಟ್ಟಿನ ಯಂತ್ರ ಬಂದಿದೆಯಂತೆ. ಗೋಡೆಗೆ ಹೊಡೆದ ಡಬ್ಬಿಯ ಮೇಲೆ ಬೆರಳಿಟ್ಟರೆ ಹಸಿರು ದೀಪ ಹತ್ತಿ ಹಾಜರಿ ತಾನೇ ಬೀಳುತ್ತದಂತೆ. ಒಬ್ಬನ ಹೆಸರಿಗೆ ಇನ್ನೊಬ್ಬ ಬೆರಳಿಟ್ಟರೆ ಕೆಂಪು ದೀಪ. ಒಳ್ಳೆಯದೇ ಬಿಡಿ, ನನ್ನಂಥ ರೈಟರ್ ಮಾಡುವ ತಪ್ಪನ್ನು ಆ ಡಬ್ಬಿ ಮಾಡುವುದಿಲ್ಲ. ಆದರೂ ನ್ಯಾಮತಿಯ ನನ್ನ ಮನೆಯಲ್ಲಿ ಕೂತು ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಶನಿವಾರ ಸಂಜೆ ನಾಲ್ಕಾದರೆ ಈಗಲೂ ನನ್ನ ಕೈ ಮೇಜಿನ ಮೇಲೆ ಇಂಕ್ ಪ್ಯಾಡ್ ಹುಡುಕುತ್ತದೆ. ಹೆಂಡತಿ ನಗುತ್ತಾಳೆ.

ಮಿಲ್ಲು ಇದ್ದದ್ದು ಹೊನ್ನಾಳಿಯ ಹೊರವಲಯದಲ್ಲಿ. ಹನ್ನೆರಡು ಜನರ ಹಮಾಲಿ ಗ್ಯಾಂಗು. ಅಲ್ಲಿ ಹೆಸರು ಹಿಡಿದು ಕರೆಯುವ ರೂಢಿ ಇರಲಿಲ್ಲ, ಊರು ಹಿಡಿದೇ ಕರೆಯುತ್ತಿದ್ದೆವು. ಗ್ಯಾಂಗಿನ ಮುಖ್ಯಸ್ಥ ಗೋವಿನಕೋವಿಯ ಮೇಸ್ತ್ರಿ. ಲಾರಿಯ ಹಲಗೆಯ ಮೇಲೆ ಚೀಲ ಹೊತ್ತು ಓಡುತ್ತಲೇ ಪದ ಹೇಳುತ್ತಿದ್ದವನು ಚನ್ನಗಿರಿ ಕಡೆಯ ತ್ಯಾವಣಿಗೆಯವನು. ಮಾತು ಕಡಿಮೆ, ಚೀಲ ಹೆಚ್ಚು ಎನ್ನುವಂತಿದ್ದವನು ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಅವನು ಹೆಂಡತಿ ಮಗಳೊಂದಿಗೆ ಹೊನ್ನಾಳಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ.

ನನ್ನ ಕೆಲಸ ಚೀಲ ಎಣಿಸುವುದು, ಹಮಾಲಿ ಬುಕ್ಕು ಬರೆಯುವುದು. ವಾರದಲ್ಲಿ ಗ್ಯಾಂಗು ಹೊತ್ತ ಚೀಲಗಳ ಕೂಲಿಯನ್ನು ಹನ್ನೆರಡು ಪಾಲು ಮಾಡಿ, ಹನ್ನೆರಡು ಹೆಸರಿನ ಎದುರು ಬರೆದು, ಶನಿವಾರ ಪ್ರತಿಯೊಬ್ಬನಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಸಹಿ ಬರುವವರೂ ಹೆಬ್ಬೆಟ್ಟನ್ನೇ ಒತ್ತುತ್ತಿದ್ದರು. ದಿನವೆಲ್ಲ ಚೀಲ ಎಳೆಯುವ ಕೊಕ್ಕೆ ಹಿಡಿದ ಕೈಗೆ ಪೆನ್ನು ನಿಲ್ಲುವುದಿಲ್ಲ ಎನ್ನುತ್ತಿದ್ದರು. ನನಗೂ ಅದೇ ಬೇಕಾಗಿತ್ತು. ಅವರ ಸೊಟ್ಟ ಸಹಿಗಳು ನನ್ನ ಪುಟದ ಅಂದ ಕೆಡಿಸುತ್ತವೆ ಎಂಬ ಸಂಕಟ ನನಗೆ. ನನ್ನ ಅಕ್ಷರದ ಬಗ್ಗೆ ನನಗೆ ಅಷ್ಟು ಸೊಕ್ಕಿತ್ತು. ಹೊಡೆದು ತಿದ್ದಿದ ಒಂದು ಗೆರೆಯಿಲ್ಲದೆ ವರ್ಷಗಟ್ಟಲೆ ಬುಕ್ಕು ಬರೆದವನು ನಾನು.

ಭತ್ತದ ಸುಗ್ಗಿಯ ಒಂದು ಮಧ್ಯಾಹ್ನ ಗೋದಾಮಿನಲ್ಲಿ ಚೀಲಗಳ ಅಟ್ಟಿ ಕುಸಿಯಿತು. ನಾನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದೆ. ಮೊದಲು ಮೇಲಿನ ಎರಡು ಚೀಲ ಜಾರಿದವು, ಮೇಸ್ತ್ರಿ "ಸರೀರೋ!" ಎಂದು ಕೂಗುವಷ್ಟರಲ್ಲಿ ಇಡೀ ಮೂಲೆ ಇಳಿದುಬಂತು. ಧೂಳು ಕೂತ ಮೇಲೆ ನೋಡಿದರೆ ಬಿಳಿಚೋಡಿನವನ ಬಲಗಾಲು ಚೀಲಗಳ ಅಡಿಯಲ್ಲಿತ್ತು. ಅವನು ಅರಚಲಿಲ್ಲ. "ರೈಟ್ರೇ, ಕಾಲು ಐತೇನ್ ನೋಡ್ರಿ" ಅಂದ. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಕಾಲು ಇತ್ತು. ಆದರೆ ತೊಡೆಯ ಮೂಳೆ ಮುರಿದು ಮಂಡಿ ನಜ್ಜಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮಾಲೀಕರು ಆಸ್ಪತ್ರೆಯ ಖರ್ಚು ಕೊಟ್ಟರು, ಅದನ್ನು ಹೇಳದಿದ್ದರೆ ನನಗೆ ಪಾಪ ಸುತ್ತಿಕೊಳ್ಳುತ್ತದೆ. ಅವನು ಮತ್ತೆ ನಡೆಯಬಹುದು, ಚೀಲ ಹೊರುವ ಮಾತು ಮಾತ್ರ ಬೇಡ ಎಂದು ವೈದ್ಯರು ಹೇಳಿದರು.

ಆ ಶನಿವಾರ ಪಾಲು ಹಾಕುವಾಗ ನಾನು ಹನ್ನೊಂದು ಹೆಸರು ಬರೆದು ಗೆರೆ ಎಳೆಯಹೊರಟೆ. ಮೇಸ್ತ್ರಿ ನನ್ನ ಕೈ ಹಿಡಿದ.

"ಹನ್ನೆರಡು ಬರೀರಿ ರೈಟ್ರೇ."

"ಅವನು ಬಂದಿಲ್ಲವಲ್ಲ ಮಾರಾಯ."

"ಅವ್ನು ಬಂದಿಲ್ಲ, ಅವ್ನ ಹೆಸ್ರು ಬಂದೈತೆ. ನಾನು ಹೊತ್ತೀನಿ."

ಆ ಗ್ಯಾಂಗಿನಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಅದನ್ನು ಅವರು 'ಹೆಸರು ಹೊರೋದು' ಎನ್ನುತ್ತಿದ್ದರು. ಯಾರಾದರೂ ಮಲಗಿದರೆ ಉಳಿದವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಅವನ ಪಾಲಿನ ಚೀಲವನ್ನೂ ಹೊರಬೇಕು. ಊಟದ ಹೊತ್ತು ಮುರಿದು, ಬೀಡಿಯ ಹೊತ್ತು ಮುರಿದು ಹೊರಬೇಕು. ಶನಿವಾರ ಅವನ ಸಾಲಿನ ಎದುರು ಆ ವಾರ ಹೊತ್ತವನೇ ಹೆಬ್ಬೆಟ್ಟು ಒತ್ತಿ, ಹಣವನ್ನು ಅವನ ಮನೆಗೆ ಮುಟ್ಟಿಸಬೇಕು. ಹೆಸರು ಬಿಟ್ಟರೆ ಆ ಜಾಗಕ್ಕೆ ಮಿಲ್ಲಿನವರು ಬೇರೆ ಆಳು ತರುತ್ತಾರೆ, ಎದ್ದು ಬಂದವನಿಗೆ ಜಾಗ ಇರುವುದಿಲ್ಲ. ಜ್ವರ, ಮದುವೆ, ಸಾವು ಅಂತ ಒಂದೆರಡು ವಾರ ಹೀಗೆ ನಡೆಯುವುದನ್ನು ನಾನು ನೋಡಿದ್ದೆ. ಈ ಸಲ ಅದು ಇಪ್ಪತ್ತೆರಡು ವಾರ ನಡೆಯಿತು. ಹನ್ನೊಂದು ಜನ ಎರಡು ಸುತ್ತು ಹೊತ್ತರು. ನಾನು ಪ್ರತಿ ಶನಿವಾರ ಬಿಳಿಚೋಡಿನವನ ಹೆಸರನ್ನು ಮುತ್ತು ಪೋಣಿಸಿದಂತೆ ಬರೆದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಪರಿಹಾರದ ಮಾತು ಎತ್ತಿದವಳು ಬಿಳಿಚೋಡಿನವನ ಹೆಂಡತಿ. ಒಂದು ದಿನ ಮಿಲ್ಲಿನ ಗೇಟಿನ ಹತ್ತಿರ ನಿಂತು ನನ್ನನ್ನು ಕರೆಸಿದಳು.

"ರೈಟರಣ್ಣ, ಇವ್ರೆಲ್ಲ ಎಷ್ಟು ದಿನ ಅಂತ ಹೊರ್ತಾರೆ? ಅವ್ರಿಗೂ ಮಕ್ಳು ಮರಿ ಅದಾವೆ. ಮೊನ್ನೆ ತ್ಯಾವಣಿಗೆಯಣ್ಣ ರೊಕ್ಕ ಕೊಡಾಕೆ ಬಂದಾಗ ಅವ್ನ ಹೆಗಲು ಬಾತು ಹೋಗಿತ್ತು. ನಂಗೆ ಆ ರೊಕ್ಕ ಮುಟ್ಟಾಕೆ ಮನಸ್ಸಾಗ್ಲಿಲ್ಲ. ಕೆಲ್ಸದಾಗೆ ಪೆಟ್ಟಾದ್ರೆ ಕಾನೂನ್ನಾಗೆ ಏನೋ ಬರ್ತೈತಂತಲ್ಲ, ಅದ್ನ ಕೇಳ್ರಿ."

ಹೊನ್ನಾಳಿಯಲ್ಲಿ ವಕೀಲಿ ಮಾಡುತ್ತಿದ್ದ ಚನ್ನಗಿರಿಯ ಹೆಣ್ಣುಮಗಳೊಬ್ಬರ ಹತ್ತಿರ ಗಂಡ ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ವಕೀಲಮ್ಮ ಚಿಕ್ಕ ವಯಸ್ಸಿನವರು, ಮಾತು ಚುರುಕು. ಕೆಲಸದಲ್ಲಿ ಪೆಟ್ಟಾದವನಿಗೆ ದುಡಿಯಲಾಗದೆ ಮಲಗಿದ ದಿನಗಳಿಗೆ ಕೂಲಿಯ ಒಂದು ಭಾಗ, ಮುಂದೆ ದುಡಿಮೆ ಎಷ್ಟು ಕುಗ್ಗಿತೋ ಅದಕ್ಕೆ ತಕ್ಕ ಪರಿಹಾರ ಕಾನೂನಿನಲ್ಲಿ ಇದೆ ಎಂದರು. ಮಾಲೀಕರು ಕೆಲಸಗಾರರ ಮೇಲೆ ವಿಮೆ ಮಾಡಿಸಿದ್ದರಿಂದ ವಿಮಾ ಕಂಪನಿಯೇ ಕೊಡಬೇಕಾಗುತ್ತದೆ.

"ಮೂರು ಸಂಗತಿ ತೋರಿಸ್ಬೇಕು," ಎಂದರು. "ಇವ್ರು ಮಿಲ್ಲಿನ ಕೆಲಸಗಾರ್ರು ಅನ್ನೋದು. ಪೆಟ್ಟಾಗಿದ್ದು ಕೆಲಸದಲ್ಲೇ ಅನ್ನೋದು. ಆಮೇಲೆ ಮೊದಲಿನಂಗೆ ದುಡಿಯಾಕೆ ಆಗಿಲ್ಲ ಅನ್ನೋದು. ಹಮಾಲ್ರ ಕೇಸ್‌ನಲ್ಲಿ ಮೊದಲನೇದೇ ಕಷ್ಟ. 'ಇವ್ರು ನಮ್ಮೋರಲ್ಲ, ಗ್ಯಾಂಗಿನೋರು' ಅಂದುಬಿಡ್ತಾರೆ. ಹೆಸರು ಬರೆದಿರೋ ಏನಾದ್ರೂ ದಾಖಲೆ ಐತಾ?"

ನನ್ನ ಎದೆ ಉಬ್ಬಿತು. "ನನ್ನ ಬುಕ್ಕು ಐತೆ ಮೇಡಂ" ಎಂದೆ.

ಮಾಲೀಕರಿಗೆ ನೋಟಿಸು ಹೋಯಿತು, ಕೋರ್ಟಿನಲ್ಲಿ ಅರ್ಜಿ ಬಿತ್ತು. ಇನ್ನು ಬೇಡ ಎಂದು ಹೆಂಡತಿಯೇ ಹಟ ಹಿಡಿದದ್ದರಿಂದ ಎರಡನೇ ಸುತ್ತು ಮುಗಿಯುತ್ತಲೇ ಹೆಸರು ಹೊರುವುದು ನಿಂತಿತು. ಸ್ವಲ್ಪ ದಿನದಲ್ಲೇ ವಿಮಾ ಕಂಪನಿಯ ತನಿಖೆಯವನೊಬ್ಬ ಮಿಲ್ಲಿಗೆ ಬಂದ. ಬಹಳ ಮರ್ಯಾದಸ್ಥ. ನನ್ನ ಅಕ್ಷರ ನೋಡಿ "ಏನ್ ಸಾರ್, ಅಚ್ಚು ಹಾಕಿದಂಗಿದೆಯಲ್ಲ!" ಅಂದ. ಅಷ್ಟು ಸಾಕಾಯಿತು ನನಗೆ. ಚಹಾ ತರಿಸಿದೆ, ಬುಕ್ಕನ್ನು ಪುಟ ಪುಟವಾಗಿ ತಿರುಗಿಸಿ ತೋರಿಸಿದೆ. ಅವನು ಮೊಬೈಲಿನಲ್ಲಿ ಫೋಟೋ ಹೊಡೆಯುವಾಗ ನೆರಳು ಬೀಳದ ಹಾಗೆ ಪುಟವನ್ನು ಕಿಟಕಿಯ ಕಡೆಗೆ ಹಿಡಿದವನೂ ನಾನೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಕಂಪನಿಯ ತಕರಾರು ಕೋರ್ಟಿಗೆ ಬಂದ ದಿನ ವಕೀಲಮ್ಮ ನನ್ನನ್ನು ಕರೆಸಿದರು. ಕಾಗದವನ್ನು ನನ್ನ ಮುಂದಿಟ್ಟರು. ಅರ್ಜಿದಾರನು ಅಪಘಾತವೆಂದು ಹೇಳುವ ದಿನದ ನಂತರವೂ ಸತತವಾಗಿ ಇಪ್ಪತ್ತೆರಡು ವಾರ ಕೆಲಸ ಮಾಡಿ ಪೂರ್ತಿ ಕೂಲಿ ಪಡೆದು ಹೆಬ್ಬೆಟ್ಟು ಒತ್ತಿದ್ದಾನೆ, ಆದ್ದರಿಂದ ಅವನ ದುಡಿಮೆಗೆ ಏನೂ ನಷ್ಟವಾಗಿಲ್ಲ, ಅರ್ಜಿ ವಜಾ ಮಾಡಬೇಕು ಎಂದಿತ್ತು. ಜೊತೆಗೆ ನನ್ನ ಅಂದದ ಪುಟಗಳ ಫೋಟೋ. ಮೂಲ ಬುಕ್ಕನ್ನು ಕೋರ್ಟಿಗೆ ಹಾಜರುಪಡಿಸಲು ಆದೇಶವೂ ಆಗಿತ್ತು.

"ಇದೇನ್ರೀ ಇದು? ಮಲಗಿದ್ದೋರ ಹೆಸರು ಯಾಕೆ ಬರೆದ್ರಿ?"

ನಾನು ಹೆಸರು ಹೊರುವ ಕಟ್ಟಳೆ ಹೇಳಿದೆ. ಅವರು ಹಣೆಗೆ ಕೈ ಹಚ್ಚಿಕೊಂಡರು. ಬುಕ್ಕು ಇಲ್ಲದಿದ್ದರೆ ಅವನು ಮಿಲ್ಲಿನವನು ಎನ್ನಲು ಆಧಾರವಿಲ್ಲ. ಬುಕ್ಕು ಇದ್ದರೆ ಅವನು ದಿನವೂ ದುಡಿದಿದ್ದಾನೆ. ಅತ್ತ ದರಿ, ಇತ್ತ ಪುಲಿ. ಅವನಿಗೆ ಬಂದಿದ್ದ ಒಂದೇ ಒಂದು ದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದೆ. ಆ ದಿನ ಹೊನ್ನಾಳಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನಾನು ಅತ್ತಿದ್ದೇನೆ. ನಾಚಿಕೆಯಿಲ್ಲದೆ ಹೇಳುತ್ತೇನೆ.

ಮಾಲೀಕರು ಒಂದು ಉಪಾಯ ಹೇಳಿದರು. ನನ್ನನ್ನು ಆಫೀಸಿನೊಳಗೆ ಕರೆದು ಬಾಗಿಲು ಹಾಕಿದರು.

"ಬುಕ್ಕು ಗೆದ್ದಲು ತಿಂದು ಹೋತು ಅಂದ್ಬಿಡು. ಮೂಲ ಬುಕ್ಕೇ ಇಲ್ದಿದ್ರೆ ಬರೀ ಫೋಟೋ ನಿಲ್ಲಲ್ಲ. ಬಿಳಿಚೋಡಿನೋನಿಗೆ ನಾನೇ ಏನಾದ್ರೂ ಕೊಟ್ಟು ಮುಗಿಸ್ತೀನಿ. ಕೋರ್ಟಿಗೆ ಬುಕ್ಕು ಹೋದ್ರೆ ಸುಳ್ಳು ಲೆಕ್ಕ ಬರ್ದೋನು ನೀನು ಅಂತಾರೆ. ನಾಳೆ ಲೇಬರ್ ಆಫೀಸ್ನೋರು ನನ್ನ ಕುತ್ತಿಗೆಗೆ ಬರ್ತಾರೆ. ಮೊದ್ಲು ಹೋಗೋದು ನಿನ್ನ ಕೆಲ್ಸ, ನೆನಪಿರ್ಲಿ."

ಅವರು ಕೆಟ್ಟವರಲ್ಲ, ಹೆದರಿದ್ದರು. ನಾನೂ ಹೆದರಿದ್ದೆ. ಇನ್ನೂ ಮೂರು ವರ್ಷದ ನೌಕರಿ ಬಾಕಿ ಇತ್ತು. ಬಿಳಿಚೋಡಿನವನ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವನು ಗೋಡೆಗೆ ಒರಗಿ, ಮಡಚಲಾಗದ ಕಾಲು ನೀಡಿ ಕೂತಿದ್ದ.

"ಸಾವ್ಕಾರ್ರು ಹೇಳ್ದಂಗೆ ಮಾಡ್ರಿ ರೈಟ್ರೇ. ನನ್ನ ಸಲುವಾಗಿ ನೀವು ಸಿಕ್ಕಾಕ್ಕಬ್ಯಾಡ್ರಿ."

ಹೆಂಡತಿ ಒಲೆಯ ಹತ್ತಿರದಿಂದ ತಿರುಗಿದಳು. "ಸಾವ್ಕಾರ್ರು ಕೊಡೋದು ಒಂದ್ಸಲ. ಈ ಕಾಲು ಸಾಯೋ ತನಕ ಹಿಂಗೇ ಇರ್ತೈತೆ. ರೈಟರಣ್ಣ, ನೀವು ಅಲ್ಲಿ ಹೋಗಿ ಇದ್ದದ್ದು ಇದ್ದಂಗೆ ಹೇಳಾಕೆ ಆಗಲ್ವಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ನಂಬುವವರು ಯಾರು? ಹೇಳಿದ್ದು ಬಾಯಿಮಾತು, ಬರೆದದ್ದು ಕಾಗದ. ಮರುದಿನ ಊಟದ ಹೊತ್ತಿನಲ್ಲಿ ಬುಕ್ಕು ತೆಗೆದು ಆ ಇಪ್ಪತ್ತೆರಡು ಪುಟಗಳನ್ನು ನೋಡುತ್ತ ಕೂತೆ. ಹೆಸರು ನೋಡಿದೆ, ಅಂಕಿ ನೋಡಿದೆ, ಎಲ್ಲ ನನ್ನದೇ ಕೈಬರಹ, ಎಲ್ಲ ಸುಳ್ಳು. ಬೇಸತ್ತು ಮುಚ್ಚುವಾಗ ಕಣ್ಣು ಪುಟದ ಬಲಬದಿಗೆ ಹೋಯಿತು. ಬಿಳಿಚೋಡಿನವನ ಸಾಲಿನಲ್ಲಿ ಒಂದು ಹೆಬ್ಬೆಟ್ಟು ಅರ್ಧವೇ ಇತ್ತು.

ಅರ್ಧ ಹೆಬ್ಬೆಟ್ಟು ನಮ್ಮ ಗ್ಯಾಂಗಿನಲ್ಲಿ ಒಬ್ಬನದೇ. ಮೇಸ್ತ್ರಿಯ ಎಡ ಹೆಬ್ಬೆಟ್ಟಿನ ತುದಿ ಹಿಂದೆಂದೋ ಲಾರಿಯ ಹಿಂಬಾಗಿಲಿಗೆ ಸಿಕ್ಕಿ ಹೋಗಿತ್ತು. ಮುಂದಿನ ಪುಟ ತಿರುಗಿಸಿದೆ. ಅಲ್ಲಿಯ ಹೆಬ್ಬೆಟ್ಟಿಗೆ ನಡುವೆ ಅಡ್ಡಲಾಗಿ ಒಂದು ಬಿಳಿ ಗೆರೆ. ಅದು ತ್ಯಾವಣಿಗೆಯವನಿಗೆ ಕೊಕ್ಕೆ ತಾಗಿದ ಗಾಯ. ಅದರ ಮುಂದಿನದು ಹಪ್ಪಳದಷ್ಟು ಅಗಲ. ಅದರ ಮುಂದಿನದು ಸಣ್ಣದು. ವಾರ ವಾರವೂ ನಾನೇ ಒತ್ತಿಸಿಕೊಂಡಿದ್ದೆ, ಆದರೆ ಯಾವತ್ತೂ ನೋಡಿರಲಿಲ್ಲ. ಬರೆಯುವವನು ಅಕ್ಷರವನ್ನಷ್ಟೇ ನೋಡುತ್ತಾನೆ. ಅಪಘಾತಕ್ಕೆ ಹಿಂದಿನ ಪುಟಗಳಲ್ಲಿ ಆ ಸಾಲಿನ ಹೆಬ್ಬೆಟ್ಟು ಪ್ರತಿ ವಾರ ಒಂದೇ. ಆಮೇಲಿನ ಪುಟಗಳಲ್ಲಿ ಹನ್ನೊಂದು.

ಬುಕ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನೇರ ವಕೀಲಮ್ಮನ ಆಫೀಸಿಗೆ ಹೋದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವರು ಪುಟ ತಿರುಗಿಸುತ್ತ ತಿರುಗಿಸುತ್ತ ಕುರ್ಚಿಯಿಂದ ಎದ್ದೇ ನಿಂತರು.

"ಆದ್ರೆ ರೈಟ್ರೇ, ಇದನ್ನ ನೀವೇ ನಿಂತು ಹೇಳ್ಬೇಕು. ಸುಳ್ಳು ಬರೆದೆ ಅಂತ ಒಪ್ಕೋಬೇಕು. ಆ ಹನ್ನೊಂದು ಜನಾನೂ ಬರ್ಬೇಕು. ಬರ್ತಾರಾ? ಸುಗ್ಗಿ ಐತೆ."

ಮೇಸ್ತ್ರಿಯನ್ನು ಕೇಳಿದೆ. ಅವನು ಬೀಡಿ ಆರಿಸಿ ಎದ್ದ. "ಇಪ್ಪತ್ತೆರಡು ವಾರ ಹೊತ್ತೋರಿಗೆ ಒಂದು ದಿನ ಭಾರ ಆಗ್ತೈತೇನ್ರಿ?"

ವಿಚಾರಣೆಯ ದಿನ ಮಿಲ್ಲಿನ ಮುಂದೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಇಳಿಸಲು ಒಬ್ಬನೂ ಇರಲಿಲ್ಲ. ಹನ್ನೊಂದು ಜನ ಒಗೆದ ಅಂಗಿ ತೊಟ್ಟು, ಹೆಗಲ ಮೇಲೆ ಹೊಸ ಟವೆಲ್ ಹಾಕಿ, ಮದುವೆಗೆ ಹೊರಟವರಂತೆ ಕೋರ್ಟಿನ ವರಾಂಡದಲ್ಲಿ ಕೂತಿದ್ದರು. ಬಿಳಿಚೋಡಿನವನು ಊರುಗೋಲು ಹಿಡಿದು ಕಂಬಕ್ಕೆ ಒರಗಿದ್ದ. ಅವರು ಯಾರೂ ಅವನ ಜೊತೆ ಕೇಸಿನ ಮಾತು ಆಡಲಿಲ್ಲ. ಮಗಳ ಶಾಲೆ ಹೇಗಿದೆ ಎಂದು ಕೇಳುತ್ತಿದ್ದರು.

ನನ್ನನ್ನು ಕಟಕಟೆಗೆ ಕರೆದರು. ಕಂಪನಿಯ ವಕೀಲರು ಬುಕ್ಕು ಎತ್ತಿ ತೋರಿಸಿದರು.

"ಇದು ನಿಮ್ಮ ಕೈಬರಹವಾ?"

"ಹೌದು."

"ಇಷ್ಟು ವಾರ ಅರ್ಜಿದಾರರು ಕೂಲಿ ಪಡೆದಿದ್ದಾರೆ ಅಂತ ಬರೆದಿದ್ದೀರಿ. ಬರೆದಿದ್ದು ಸತ್ಯವಾ, ಸುಳ್ಳಾ?"

ಹಿಂದಿನ ಬೆಂಚಿನಲ್ಲಿ ಮಾಲೀಕರು ಕೂತಿದ್ದರು. ನಾನು ಅವರ ಕಡೆ ನೋಡಲಿಲ್ಲ. ನ್ಯಾಯಾಧೀಶರ ಕಡೆ ತಿರುಗಿದೆ.

"ಹೆಸರು ಸುಳ್ಳು ಸ್ವಾಮಿ. ಹೆಬ್ಬೆಟ್ಟು ಸತ್ಯ."

ಏನು ಹಾಗೆಂದರೆ ಎಂದು ನ್ಯಾಯಾಧೀಶರು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ತಡವರಿಸಿದೆ, ಎರಡು ಸಲ ನೀರು ಕೇಳಿದೆ, ಆದರೆ ಬಿಡದೆ ಹೇಳಿದೆ. ಇದು ಈಗ ಕಟ್ಟಿದ ಕಥೆ ಎಂದು ಕಂಪನಿಯ ವಕೀಲರು ಆಕ್ಷೇಪಿಸಿದರು. ಆಗ ನಮ್ಮ ವಕೀಲಮ್ಮ ಮೇಸ್ತ್ರಿಯನ್ನು ಕರೆಸಿದರು.

ಮೇಸ್ತ್ರಿ ಮೆಟ್ಟು ಹೊರಗೆ ಬಿಟ್ಟು ಒಳಗೆ ಬಂದ. ನ್ಯಾಯಾಧೀಶರ ಎದುರೇ ಒಂದು ಬಿಳಿ ಹಾಳೆಯ ಮೇಲೆ ಅರ್ಧ ಹೆಬ್ಬೆಟ್ಟು ಒತ್ತಿದ. ಅವರು ಹಾಳೆಯನ್ನು ಬುಕ್ಕಿನ ಪಕ್ಕ ಇಟ್ಟು ನೋಡಿದರು. ಆಮೇಲೆ ತ್ಯಾವಣಿಗೆಯವನು ಒತ್ತಿದ, ಬಿಳಿ ಗೆರೆ ಬಿತ್ತು. ಹೀಗೆ ಒಬ್ಬೊಬ್ಬರೇ ಬಂದು, ತಾವು ಯಾವ ಯಾವ ವಾರ ಹೊತ್ತೆವೆಂದು ಹೇಳಿ ಒತ್ತಿಹೋದರು. ಆ ವಾರ ನಮ್ಮೂರ ಸಂತೆಗೆ ಹೋಗಲಾಗಲಿಲ್ಲ, ಆ ವಾರ ಮಗಳಿಗೆ ಜ್ವರ ಇತ್ತು, ಆ ವಾರ ಎರಡು ದಿನ ಮಳೆ ಹಿಡಿದು ಚೀಲ ನೆನೆದು ಭಾರವಾಗಿದ್ದವು ಎಂದು ಅವರವರ ಗುರುತು ಹೇಳಿದರು. ಕೊನೆಗೆ ಬಿಳಿಚೋಡಿನವನು ಊರುಗೋಲು ಬಗಲಿಗೆ ಒತ್ತಿಕೊಂಡು ತನ್ನ ಹೆಬ್ಬೆಟ್ಟು ಒತ್ತಿದ. ಅದು ಆ ಇಪ್ಪತ್ತೆರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

ಆ ಹಾಳೆ ಬೆರಳಚ್ಚು ತಜ್ಞರಿಗೆ ಹೋಗಿ ಬರಬೇಕಾಯಿತು, ವೈದ್ಯರ ಸಾಕ್ಷ್ಯವಾಗಬೇಕಾಯಿತು. ಮೂರು ನಾಲ್ಕು ವಾಯಿದೆ ಸುಮ್ಮನೆ ಮುಂದೆ ಹೋದವು. ಅಷ್ಟು ದಿನವೂ ಮಾಲೀಕರು ನನ್ನ ಜೊತೆ ಮಾತು ಬಿಟ್ಟಿದ್ದರು. ಎದುರಿಗೇ ನಾನಿದ್ದರೂ "ರೈಟ್ರಿಗೆ ಹೇಳು" ಎಂದು ಮೇಸ್ತ್ರಿಗೆ ಹೇಳುತ್ತಿದ್ದರು. ಮೇಸ್ತ್ರಿ ನನ್ನ ಕಡೆ ತಿರುಗಿ ಅದನ್ನೇ ಗಂಭೀರವಾಗಿ ಇನ್ನೊಮ್ಮೆ ಹೇಳುತ್ತಿದ್ದ. ಕೆಲಸದಿಂದ ಮಾತ್ರ ತೆಗೆಯಲಿಲ್ಲ.

ತೀರ್ಪು ಬಂತು. ಅಪಘಾತದ ನಂತರದ ವಾರಗಳಲ್ಲಿ ಅರ್ಜಿದಾರ ದುಡಿದಿಲ್ಲ, ಅವನ ಮನೆಗೆ ಹೋದದ್ದು ಅವನ ಕೂಲಿಯಲ್ಲ, ಜೊತೆಗಾರರ ಕೂಲಿ ಎಂದು ನ್ಯಾಯಾಧೀಶರು ಬರೆದಿದ್ದರು. ಮಲಗಿದ ದಿನಗಳಿಗೂ ಕುಗ್ಗಿದ ದುಡಿಮೆಗೂ ಬಡ್ಡಿಸಮೇತ ಪರಿಹಾರ ಕೊಡಲು ಕಂಪನಿಗೆ ಆದೇಶವಾಯಿತು. ಬಿಳಿಚೋಡಿನವನ ಹೆಂಡತಿ ವಕೀಲಮ್ಮನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ನನಗೆ ಬೈಗುಳವೂ ಬಂದಿತ್ತು. ಸಾಕ್ಷಿ ಹೇಳಿದ ದಿನವೇ, ಎಲ್ಲರೂ ಹೆಬ್ಬೆಟ್ಟು ಒತ್ತಿ ಮುಗಿದ ಮೇಲೆ ನ್ಯಾಯಾಧೀಶರು ಹೇಳಿದ್ದರು: "ನಿಮ್ಮ ಉದ್ದೇಶ ಒಳ್ಳೇದಿರಬಹುದು. ಆದರೆ ನಿಮ್ಮ ಪುಸ್ತಕ ಒಬ್ಬ ಬಡವನ ಅನ್ನ ಕಳೆಯುತ್ತಿತ್ತು. ಇನ್ನು ಮುಂದೆ ಯಾರು ದುಡಿದರೋ ಅವರ ಹೆಸರನ್ನೇ ಬರೆಯಿರಿ." ಬರೆಯುತ್ತೇನೆ ಎಂದು ಕೈ ಮುಗಿದು ಮಾತು ಕೊಟ್ಟಿದ್ದೆ.

ಬಿಳಿಚೋಡಿನವನು ಮಿಲ್ಲಿಗೆ ಮರಳಿದ. ಹೊರುವ ಕೆಲಸಕ್ಕಲ್ಲ, ತುಂಬಿದ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ. ಕಾಲು ನೀಡಿ ಎತ್ತರದ ಮಣೆಯ ಮೇಲೆ ಕೂತು ದಬ್ಬಣ ಹಿಡಿದರೆ ತಲೆ ಎತ್ತುತ್ತಿರಲಿಲ್ಲ. ನಾನು ಹೊಸ ಬುಕ್ಕು ತಂದು, ಕೊಟ್ಟ ಮಾತಿನಂತೆ ಕೆಂಪು ಶಾಯಿಯಲ್ಲಿ ಒಂದು ಹೊಸ ಕಾಲಂ ಎಳೆದೆ. ಅದರ ತಲೆಯ ಮೇಲೆ 'ಯಾರ ಪರವಾಗಿ' ಎಂದು ಬರೆದೆ. ತಿಂಗಳುಗಟ್ಟಲೆ ಆ ಕಾಲಂ ಖಾಲಿಯೇ ಇತ್ತು. ಗ್ಯಾಂಗಿನವರು ಅದನ್ನು ನೋಡಿ ನಗುತ್ತಿದ್ದರು. "ರೈಟ್ರು ಕೋರ್ಟಿಗೆ ಹೆದ್ರಿ ಗೆರೆ ಹಾಕ್ಯಾರೆ" ಎಂದು ತ್ಯಾವಣಿಗೆಯವನು ಪದ ಬೇರೆ ಕಟ್ಟಿದ್ದ.

ಆಮೇಲೆ ಮೇಸ್ತ್ರಿಗೆ ಹರ್ನಿಯಾ ಆಪರೇಷನ್ ಆಯಿತು. ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ನಾನು ಬುಕ್ಕು ಬಿಚ್ಚಿ ಕೂತೆ. ಎಲ್ಲರೂ ಒತ್ತಿ ಹೋದ ಮೇಲೆ ಮೇಸ್ತ್ರಿಯ ಪಾಲು ಉಳಿಯಿತು. ಯಾರು ಹೊತ್ತಿರಿ ಎಂದು ಕೇಳಿದೆ. ಊರುಗೋಲಿನ ಸದ್ದಾಯಿತು. ಬಿಳಿಚೋಡಿನವನು ಮೇಜಿನ ಹತ್ತಿರ ಬಂದ.

"ಈ ವಾರ ಮೇಸ್ತ್ರಿ ಹೆಸ್ರು ನಂದು."

"ನೀನು ಹೊರೋದು ಹೆಂಗಪ್ಪಾ?"

ಉತ್ತರ ಕೊಟ್ಟವನು ತ್ಯಾವಣಿಗೆಯವನು. "ವಾರ ಎಲ್ಲ ಉಣ್ಣೋ ಹೊತ್ನಾಗೂ ಕುಂತು ನಾವು ಹೊಲೀಬೇಕಾದ ಚೀಲಾನೂ ಅವ್ನೇ ಹೊಲ್ದಾನ್ರಿ. ಆ ಹೊತ್ನಾಗೆ ನಾವು ಮೇಸ್ತ್ರಿ ಪಾಲಿಂದು ಹೊತ್ವಿ. ಸರೀಗ್ ಸರಿ ಆತು."

ಬಿಳಿಚೋಡಿನವನು ಇಂಕ್ ಪ್ಯಾಡಿನ ಕಡೆ ಕೈ ಚಾಚಿದ. ಬೆರಳ ತುದಿಗಳೆಲ್ಲ ದಬ್ಬಣ ಚುಚ್ಚಿ ತೂತು ತೂತಾಗಿದ್ದವು.

ನಾನು ದುಡಿದವನ ಜಾಗದಲ್ಲಿ ಅವನ ಹೆಸರು ಬರೆದೆ. ಕೆಂಪು ಕಾಲಮಿನಲ್ಲಿ ಮೇಸ್ತ್ರಿಯ ಹೆಸರು ಬರೆದೆ. ಅವನು ಹೆಬ್ಬೆಟ್ಟು ಒತ್ತಿದ. ಬರೆಯುವಾಗ ನನ್ನ ಕಣ್ಣು ಮಂಜಾಗಿ ಒಂದು ಅಕ್ಷರ ಗೆರೆ ದಾಟಿ ಕೆಳಗಿಳಿದಿತ್ತು. ಇಡೀ ನೌಕರಿಯಲ್ಲಿ ಸೊಟ್ಟಗೆ ಬಿದ್ದ ನನ್ನ ಸಾಲು ಅದೊಂದೇ. ತಿದ್ದಲಿಲ್ಲ.